ನಿಧಾನ ಓಟದಲ್ಲಿ ಗೆದ್ದವಳು

"ಎಳೀರಿ! ಮೆಲ್ಲಗ, ಮೆಲ್ಲಗ! ಹ್ಯಾಂಡಲ್ ಮುರದೀತು!"

ಪುಣೆಯ ಸಂಗಮದ ಸೇತುವೆಯ ಕೆಳಗೆ, ಜಲಕಳೆಯ ದಪ್ಪ ಹಸಿರಿನೊಳಗಿಂದ ಮೊಪೆಡ್ ಮೇಲೆ ಬಂತು. ಮೊದಲು ಕನ್ನಡಿ. ಆಮೇಲೆ ಹ್ಯಾಂಡಲ್ಲಿಗೆ ತೂಗುಬಿದ್ದ ಚೆಂಡುಹೂವಿನ ಹಾರ. ಆಮೇಲೆ ಹನ್ನೊಂದು ಎಂದು ಬರೆದ ತಗಡು. ಹಿಂದಿನ ಸೀಟಿಗೆ ಬಿಗಿದಿದ್ದ ಬಟ್ಟೆಯ ಕೋತಿ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಅದರ ಮುಖದ ನಗು ಮಾತ್ರ ಹಾಗೇ ಇತ್ತು.

ಗಾಡಿ ಸಿಕ್ಕಿತು. ಹುಡುಗಿ ಸಿಗಲಿಲ್ಲ.

ಬೆಳಿಗ್ಗೆ ನದಿಪಾತ್ರದ ಒಣ ರಸ್ತೆಯಲ್ಲಿ ನಡೆದ ಹಳೇ ಗಾಡಿಗಳ ನಿಧಾನ ಓಟದಲ್ಲಿ, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿ ಗೆದ್ದವಳು ಸಪ್ನಾ. ಹಾರ ಹಾಕಿಸಿಕೊಂಡು ಹೋದವಳು ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳ ತಾಯಿ ಮಾನಮ್ಮ ದಂಡೆಯ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅಳಲಿಲ್ಲ. ಎದ್ದು ಬಂದು, ಒದ್ದೆ ಸೀಟಿನ ಮೇಲೆ ಅಂಗೈ ಇಟ್ಟಳು. ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ.

"ನೀರಾಗ ಬಿದ್ದಿಲ್ರಿ ಯಕ್ಕಾ," ಎಂದಳು ಪಕ್ಕದಲ್ಲಿದ್ದ ದುರ್ಗಾಳಿಗೆ. "ಬಿದ್ದಿದ್ರ ನನಗ ತಿಳೀತಿತ್ತು."

ವಿಮಾ ಕಂಪನಿಯಲ್ಲಿ ಅಪಘಾತದ ಗಾಡಿಗಳನ್ನು ಪರೀಕ್ಷಿಸುವ ಕೆಲಸ ಬಿಟ್ಟು ಸ್ವಂತ ಪತ್ತೇದಾರಿ ಕಚೇರಿ ತೆರೆದವಳು ದುರ್ಗಾ. ಮಾನಮ್ಮ ಅವಳ ಬಳಿ ಬಂದದ್ದು ಮಗಳಿಗಾಗಿ ಅಲ್ಲ, ಗಂಡನಿಗಾಗಿ. ಕಟ್ಟಡವೊಂದರ ಕಾವಲುಗಾರನಾಗಿದ್ದ ಧರ್ಮರಾಜ ಕಳೆದ ಚಳಿಗಾಲದ ಒಂದು ನಸುಕಿನಲ್ಲಿ ಮನೆಗೆ ನಡೆದು ಬರುತ್ತಿದ್ದಾಗ ಗಾಡಿಯೊಂದು ಗುದ್ದಿ ಹೋಗಿತ್ತು. ರಸ್ತೆಯ ಕೆಸರಿನಲ್ಲಿ ಉಳಿದ ಮೂರು ಗಾಲಿಗಳ ಗೆರೆಯನ್ನೂ ಸತ್ತವನ ಕಂಬಳಿಗೆ ಅಂಟಿದ ಕೆಂಪು ಬಣ್ಣದ ಚೂರನ್ನೂ ನೋಡಿ ದುರ್ಗಾ ಒಂದು ತೀರ್ಮಾನಕ್ಕೆ ಬಂದಿದ್ದಳು: ಅದು ಸೈಡ್‌ಕಾರ್ ಜೋಡಿಸಿದ ಹಳೇ ಸ್ಕೂಟರ್.

ಅಂಥ ಗಾಡಿ ಯಾರಲ್ಲಿದ್ದೀತು? ಹಳೇ ಗಾಡಿಗಳ ಹುಚ್ಚು ಇರುವವರಲ್ಲಿ. ಯೆರವಡಾದಲ್ಲಿ ಕೂಲಿಕಾರರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಾಳಣಾಘರದಲ್ಲಿ ಸಪ್ನಾ ಟೀಚರು. ಆ ಪಾಳಣಾಘರಕ್ಕೊಂದು ಹೊಸ ಮಾಡು ಹಾಕಿಸಲೆಂದೇ 'ಹಳೇ ಗಾಡಿ ಬಳಗ'ದವರು ಓಟ ಇಟ್ಟಾಗ, ಹುಡುಗಿ ತಾನಾಗಿಯೇ ಅವರೊಳಗೆ ಸೇರಿಕೊಂಡಳು. "ಒಳಗ ಹೋದ್ರ ಕಾಣ್ತದ ಅಕ್ಕಾ," ಎಂದಿದ್ದಳು ದುರ್ಗಾಳಿಗೆ. ಏನು ಕಂಡಳೋ.

"ನನ್ನ ತಪ್ಪು, ನನ್ನ ತಪ್ಪು," ಎನ್ನುತ್ತ ಜಲಕಳೆಯಿಂದ ಎದ್ದು ಬಂದ ಸಿದ್ದಾರೂಢ. ಸೊಂಟದವರೆಗೆ ರಾಡಿ. ಓಟಕ್ಕೆ ನಿಶಾನೆ ತೋರಿಸಿದವನು, ಬಳಗದ ಯಜಮಾನ ಈರಬಸಪ್ಪನ ಹೆಂಡತಿಯ ತಮ್ಮ. ಬೆಳಗಿನಿಂದ ಊಟ ನೀರು ಬಿಟ್ಟು ಹುಡುಕುತ್ತಿದ್ದ. ಮೊಪೆಡ್ಡಿನ ಕನ್ನಡಿ ಮೊದಲು ಕಂಡದ್ದೂ ಅವನಿಗೇ. "ಮುಖದ ಬಟ್ಟಿ ಬಿಚ್ಚಿ, ನನಗ ಟಾಟಾ ಮಾಡಿ, ಈ ಕಡೀಗೇ ಬಂದ್ಲು. ನನ್ನ ಕಣ್ಣಿಲೇ ನೋಡೀನಿ. 'ಎಲ್ಲಿ ಹೊಂಟೀಯವ್ವಾ' ಅಂತ ಒಂದು ಮಾತು ಕೇಳಿದ್ರ ಏನಾಗ್ತಿತ್ತು ನನಗ?"

ಮೇಲಿನ ರಸ್ತೆಯಲ್ಲಿ ಮೈಕು ಕಟ್ಟಿದ ಜೀಪು ಹಾದು ಹೋಯಿತು. ಖಡಕವಾಸ್ಲಾ ಅಣೆಕಟ್ಟಿನಿಂದ ನೀರು ಬಿಡಲಿದ್ದಾರೆ, ನದಿಪಾತ್ರದಲ್ಲಿ ಯಾರೂ ನಿಲ್ಲಬಾರದು ಎಂದು ಮರಾಠಿಯಲ್ಲಿ ಮತ್ತೆ ಮತ್ತೆ ಕೂಗುತ್ತಿತ್ತು. ಪಶ್ಚಿಮದ ಗುಡ್ಡಗಳ ಮೇಲೆ ಮೋಡ ಬಾಣಲೆಯ ತಳದಂತೆ ಕಪ್ಪಾಗಿತ್ತು. ಮಧ್ಯಾಹ್ನವೇ ದೀಪ ಹಚ್ಚುವಷ್ಟು ಕತ್ತಲು.

"ಚಲಾ, ವರ ಚಲಾ ಸಗಳೆ!" ಪೊಲೀಸಿನವನು ಲಾಠಿಯಿಂದ ಎಲ್ಲರನ್ನೂ ದಂಡೆಗೆ ಹತ್ತಿಸತೊಡಗಿದ.

ಮಾನಮ್ಮ ಮಾತ್ರ ಕದಲಲಿಲ್ಲ. ಅವಳ ಕೈಯಲ್ಲಿ ದುರ್ಗಾಳ ಫೋನು. ಬಳಗದ ಅಕ್ಷಯ ಎಂಬ ಬೆಂಗಳೂರಿನ ಹುಡುಗ ತೆಗೆದಿದ್ದ ಓಟದ ವಿಡಿಯೊ ಅದರಲ್ಲಿತ್ತು. ಮಗಳು ಕಾಣುವ ಆ ಸ್ವಲ್ಪವೇ ಸ್ವಲ್ಪ ಹೊತ್ತನ್ನು ಅವಳು ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡುತ್ತಿದ್ದಳು. ಬೆರಳ ತುದಿಯಿಂದ ಗಾಜನ್ನು ಸವರುತ್ತಿದ್ದಳು.

ಮಗಳ ಮುಖ ಕಾಣುವುದಾದರೂ ಎಲ್ಲಿ? ಪುಣೆಯ ಹುಡುಗಿಯರು ಗಾಡಿ ಹತ್ತುವ ರೀತಿಯೇ ಹಾಗೆ. ತಲೆ, ಹಣೆ, ಮೂಗು, ಬಾಯಿ ಎಲ್ಲ ಸುತ್ತಿ ಹಿಂದೆ ಗಂಟು ಹಾಕಿದ ಸ್ಕಾರ್ಫು, ಅದರ ಮೇಲೆ ಕಪ್ಪು ಕನ್ನಡಕ, ಮೊಳಕೈವರೆಗಿನ ಕೈಗವಸು. ಹೆತ್ತವಳೇ ಎದುರು ಬಂದರೂ ಗುರುತು ಹಿಡಿಯಲಾರಳು.

ದುರ್ಗಾ ಮಾನಮ್ಮನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮದುಮಗನ ಪೇಟ ಸುತ್ತಿಕೊಂಡು ಸ್ಕೂಟರ್ ಏರಿದ ಅಜ್ಜ. ಹ್ಯಾಂಡಲ್ಲಿಗೆ ಬಾಳೆಗೊನೆ ಕಟ್ಟಿಕೊಂಡ ಡಾಕ್ಟರು. ಮೈಕಿನಲ್ಲಿ ಈರಬಸಪ್ಪನ ಗಡಸು ದನಿ: "ಕಾಲು ನೆಲಕ್ಕ ಹಚ್ಚಿದ್ರ ಔಟ್ ರೀ! ಮೊದಲು ಮುಟ್ಟಿದವ ಸೋತ, ಕಡೀಕ ಮುಟ್ಟಿದವ ಗೆದ್ದ! ಏ ಹನ್ನೊಂದನೇ ನಂಬರ್, ನಿನ್ನ ಎಮ್ಮಿ ಇನ್ನಾ ಎದ್ದಿಲ್ಲಲ್ಲ ಬೇ!"

ಶುರುವಿನ ಗೆರೆಯ ಮೇಲೆ ಮೊಪೆಡ್ ಕೆಮ್ಮಿ ಆರಿಹೋಗಿತ್ತು. ಸವಾರಳು ಕೆಳಗಿಳಿದಳು. ಗಾಡಿಯನ್ನು ತನ್ನ ಮೊಳಕಾಲಿಗೆ ಒರಗುವಂತೆ ಒಂದು ಪಕ್ಕಕ್ಕೆ ವಾಲಿಸಿದಳು. ನೇರ ಮಾಡಿದಳು. ಆಮೇಲೆ ಪೆಡಲ್ ತುಳಿದಳು. ಜನ ನಕ್ಕರು.

"ಯವ್ವಾ, ಒಂದೀಟು ಹಿಂದ ಮಾಡು," ಎಂದಳು ದುರ್ಗಾ.

ವಾಲಿಸಿದಳು. ನೇರ ಮಾಡಿದಳು.

ಹಳೇ ಸ್ಕೂಟರನ್ನು ಹಾಗೆ ವಾಲಿಸುತ್ತಿದ್ದರು. ದುರ್ಗಾಳ ಅಪ್ಪ ದಿನಾ ಬೆಳಿಗ್ಗೆ ಅಂಗಳದಲ್ಲಿ ಹಾಗೇ ಮಾಡುತ್ತಿದ್ದ. ಪೆಟ್ರೋಲ್ ಇಳಿಯಲಿ ಎಂದು. ಮೊಪೆಡ್ಡನ್ನು ಯಾರೂ ವಾಲಿಸುವುದಿಲ್ಲ. ಅದಕ್ಕೆ ಪೆಡಲ್ ಇದೆ, ತುಳಿದರಾಯಿತು. ಸಪ್ನಾ ಕಲಿತದ್ದು ಇದೇ ಮೊಪೆಡ್ಡಿನ ಮೇಲೆ, ಇದೇ ಬೇಸಿಗೆಯಲ್ಲಿ. ಸ್ಕೂಟರಿನ ಮೈ ಮುಟ್ಟಿದವಳೇ ಅಲ್ಲ.

ಇನ್ನೊಂದೂ ಇತ್ತು. ತುಳಿಯುವ ಮುನ್ನ ಸವಾರಳ ಎಡಗೈ ತೊಡೆಯ ಮುಂದೆ ಹೋಗಿ, ಎರಡು ಬೆರಳಿನಿಂದ ಏನನ್ನೋ ಚಿವುಟಿ ಪಕ್ಕಕ್ಕೆ ಎಳೆದುಕೊಂಡಿತು. ಅಲ್ಲಿ ಏನೂ ಇರಲಿಲ್ಲ. ಅವಳು ತೊಟ್ಟಿದ್ದದ್ದು ಪ್ಯಾಂಟು.

ಸೀರೆಯ ನಿರಿಗೆ ಸರಿಸಿಕೊಂಡಿದ್ದಳು, ಇಲ್ಲದ ನಿರಿಗೆಯನ್ನು. ಬಳಗದಲ್ಲಿ ಸೀರೆ ಉಡುವವಳು, ಓಟದ ಹೊತ್ತಿಗೆ ಎಲ್ಲೂ ಕಾಣದಿದ್ದವಳು, ಒಬ್ಬಳೇ ಇದ್ದಳು.

"ಮಾನಮ್ಮಾ," ದುರ್ಗಾ ಫೋನನ್ನು ಮೆಲ್ಲಗೆ ಬಿಡಿಸಿಕೊಂಡಳು. "ನಾ ಒಂದು ಕಡೆ ಹೋಗಿ ಬರ್ತೀನಿ. ನಿನ್ನ ಫೋನ್ ಕೈಯಾಗೇ ಇರಲಿ."

"ಹೋಗ್ರಿ ಯಕ್ಕಾ. ನಾ ಇಲ್ಲೇ ಇರ್ತೀನಿ."

"ನಾ ನೋಡ್ಕೋತೀನಿ ಅವರನ್ನ," ಎಂದು ಸಿದ್ದಾರೂಢ ತನ್ನ ಒಣ ಟವೆಲ್ಲನ್ನು ಮಾನಮ್ಮನ ಹೆಗಲಿಗೆ ಹೊದಿಸಿದ.

*

ಸದಾಶಿವ ಪೇಠದಲ್ಲಿ ಈರಬಸಪ್ಪನ ಮನೆಯಿದ್ದ ಹಳೇ ವಾಡೆಯ ಅಂಗಳದಲ್ಲಿ ಅವನ ಸ್ಕೂಟರ್ ಬಾಗಿಲಿಗೆ ಅಡ್ಡ ನಿಂತಿತ್ತು. ಮಾಳಿಗೆಯ ಕೋಚಿಂಗ್ ಕ್ಲಾಸಿನಿಂದ ಮಕ್ಕಳು ಸೂತ್ರ ಒಪ್ಪಿಸುವ ಸದ್ದು ಬರುತ್ತಿತ್ತು. ಮೂಲೆಯಲ್ಲಿ ಪಾಳಣಾಘರದ ಮಕ್ಕಳಿಗೆಂದು ಮಾಡಿದ್ದ ಗೋಧಿಹುಗ್ಗಿಯ ದೊಡ್ಡ ಪಾತ್ರೆ. ಬಡಿಸುವವರಿಲ್ಲದೆ ಅದರ ಮೇಲೆ ಕೆನೆಗಟ್ಟಿತ್ತು.

"ಯಜಮಾನ್ರು ಪೋಲೀಸ್ ಚೌಕಿಗೆ ಹೋಗ್ಯಾರ್ರಿ," ಈರಬಸಪ್ಪನ ಹೆಂಡತಿ ಶಿವಗಂಗವ್ವ ಅಡುಗೆಮನೆಯ ಹೊಸ್ತಿಲಿನಲ್ಲಿ ಕೂತು ಜೋಳದ ಹಿಟ್ಟು ನಾದುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು. ಹಣೆ ತುಂಬ ವಿಭೂತಿ, ಕೈ ತುಂಬ ಹಸಿರು ಬಳೆ. "ಹುಡುಗಿ ಸಿಕ್ಕಳೇನ್ರಿ?"

"ಗಾಡಿ ಸಿಕ್ತು. ಹೊಳ್ಯಾಗ."

ನಾದುವ ಕೈ ನಿಂತಿತು. ತುಸು ಹೊತ್ತು ಬಿಟ್ಟು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

"ಬೆಳಿಗ್ಗೆ ಓಟದ ಹೊತ್ತಿಗೆ ನೀವು ಕಾಣಲಿಲ್ಲಲ್ರಿ, ಅತ್ತೀ?"

"ತಲಿ ಸಿಡೀತಿತ್ರೆವಾ. ಮಂಟಪದ ಹಿಂದ ಅಡ್ಡಾಗಿದ್ದೆ."

"ನಿಮಗ ಗಾಡಿ ಓಡಿಸ್ಲಿಕ್ಕೆ ಬರ್ತದೇನ್ರಿ?"

ಶಿವಗಂಗವ್ವ ನಕ್ಕಳು. "ನನಗ? ಅವರ ಹಿಂದ ಒಂದು ಮಗ್ಗಲಾಗಿ ಕೂತು ಕೂತು ಸೊಂಟ ಡೊಂಕಾತು. ಓಡಿಸೂದು ಎಲ್ಲೀದು!"

ದುರ್ಗಾ ವಾದ ಮಾಡಲಿಲ್ಲ. "ಈ ಸ್ಕೂಟರ್ ಒಂದೀಟು ಸರಸ್ಲೇನ್ರಿ? ಒಳಗ ಬರಲಿಕ್ಕೆ ಜಾಗಿಲ್ಲ," ಎಂದು ಕೀಲಿ ತಿರುಗಿಸಿ ಕಿಕ್ ಹೊಡೆದಳು. ಗಾಡಿ ಏಳಲಿಲ್ಲ. ಮತ್ತೆ ಹೊಡೆದಳು. ಬೇಕೆಂದೇ ಎಡವಟ್ಟಾಗಿ, ಕಾಲು ಜಾರಿಸಿ, ಗಿಯರಿನಲ್ಲೇ ಇಟ್ಟು ಹೊಡೆದಳು. ಗಾಡಿ ಹೊಗೆಯುಗುಳಿ, ಗೊರಕೆ ಹೊಡೆದು ಸತ್ತಿತು.

"ನ್ಯೂಟ್ರಲ್‌ಗೆ ತಗೋರಿ..." ಎಂಬ ದನಿ ಹೊಸ್ತಿಲಿನಿಂದ ಬಂತು, ಬಂದದ್ದೇ ಶಿವಗಂಗವ್ವ ತುಟಿ ಕಚ್ಚಿಕೊಂಡಳು.

ದುರ್ಗಾ ಕೇಳಿಸಲಿಲ್ಲವೆಂಬಂತೆ ಮತ್ತೆ ಒದ್ದಳು.

ಕಲಿಯದ ಸೊಸೆ ರೊಟ್ಟಿ ತಟ್ಟುವಾಗ, ಹಿಟ್ಟು ಅಂಚಿನಲ್ಲಿ ಸೀಳು ಬಿಡುವಾಗ, ಅತ್ತೆಯಾದವಳು ಎಷ್ಟು ಹೊತ್ತು ಕೈಕಟ್ಟಿ ಕೂತಾಳು? ಶಿವಗಂಗವ್ವನ ಕಣ್ಣು ಸ್ಕೂಟರನ್ನು ಬಿಟ್ಟು ಆಚೆ ಹೋಗಲಿಲ್ಲ. ಕಿಕ್ ಮತ್ತೊಮ್ಮೆ ಕರಕರ ಎಂದಾಗ ಅವಳು ಎದ್ದೇಬಿಟ್ಟಳು.

"ಸರೀರಿ ಅತ್ಲಾಗ! ಅದನ್ನ ಕೊಂದೀರಿ!"

ಹಿಟ್ಟಿನ ಕೈಯಿಂದಲೇ ಹ್ಯಾಂಡಲ್ ಹಿಡಿದಳು. ಗಾಡಿಯನ್ನು ಮೊಳಕಾಲಿಗೆ ಒರಗಿಸಿ ಒಂದು ಪಕ್ಕಕ್ಕೆ ವಾಲಿಸಿದಳು. ನೇರ ಮಾಡಿದಳು. ಎಡಗೈಯ ಎರಡು ಬೆರಳಿನಿಂದ ನಿರಿಗೆ ಚಿವುಟಿ ಪಕ್ಕಕ್ಕೆ ಸರಿಸಿದಳು. ಒಂದೇ ಒಂದು ಕಿಕ್.

ಅಂಗಳ ತುಂಬ ಸ್ಕೂಟರಿನ ಸದ್ದು ತುಂಬಿಕೊಂಡಿತು.

ಮಾಳಿಗೆಯ ಸೂತ್ರಗಳು ಕೇಳದಾದವು. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಶಿವಗಂಗವ್ವ ಕೀಲಿ ತಿರುಗಿಸಿ ಗಾಡಿ ಆರಿಸಿದಳು.

"ಹನ್ನೊಂದನೇ ನಂಬರ್ ನೀವು," ಎಂದಳು ದುರ್ಗಾ.

"ಅಯ್ಯ ಶಿವನ..." ಶಿವಗಂಗವ್ವ ಹೊಸ್ತಿಲಿಗೆ ಕುಸಿದಳು. "ಅವರಿಗೆ ಹೇಳಬ್ಯಾಡ್ರಿ. ಮಂದ್ಯಾಗ ಪ್ಯಾಂಟ್ ಹಾಕ್ಕೊಂಡು ಗಾಡಿ ಹೊಡದಾಳ ಅಂತ ತಿಳದ್ರ ನನ್ನ ಮನಿಯಾಗ ಇಟ್ಕೊಳ್ಳಾಂಗಿಲ್ಲ."

"ಸಪ್ನಾ ಎಲ್ಲಿ?"

"ಬಂದಾಳಲ್ರಿ ತಿರುಗಿ! ಸಿದ್ದಾರೂಢ ನೋಡ್ಯಾನಲ್ಲ!"

"ಮೊದಲಿಂದ ಹೇಳ್ರಿ."

ಹೇಳಿದಳು. ವಾರದ ಹಿಂದೆ ಹುಗ್ಗಿಗೆ ಗೋಧಿ ಹಸನು ಮಾಡಲು ಸಪ್ನಾ ಬಂದಿದ್ದಳಂತೆ. ಮಾತಿಗೆ ಮಾತು ಬಂದು, ತನಗೂ ಹರೆಯದಲ್ಲಿ ಸ್ಕೂಟರ್ ಬರುತ್ತಿತ್ತು, ಮದುವೆಯಾದ ಮೇಲೆ ಮುಟ್ಟಲಿಲ್ಲ ಎಂದು ಶಿವಗಂಗವ್ವ ಬಾಯಿಬಿಟ್ಟಿದ್ದಳು. ಹುಡುಗಿ ಕುಣಿದಾಡಿದ್ದಳು. "ಹಂಗಾದ್ರ ನನ್ನ ಬದಲಿ ನೀವ ಓಡಸ್ರಿ ಅತ್ತೀ! ಸ್ಕಾರ್ಫ್ ಸುತ್ತಿದ್ರ ಯಾರಿಗೆ ತಿಳೀತದ?"

"ನನಗೂ ಆಸೆ ಹುಟ್ಟಿತ್ರಿ," ಶಿವಗಂಗವ್ವನ ಕಣ್ಣು ತುಂಬಿತು. "ಮಂಟಪದ ಹಿಂದ ಆಕಿನ ತನ್ನ ಕೈಯಾರ ಸ್ಕಾರ್ಫ್ ಕಟ್ಟಿದ್ಲು. 'ಮೆಲ್ಲಕ ಹೋಗ್ರಿ ಅತ್ತೀ, ನೀವು ಎಷ್ಟು ತಡಾ ಮಾಡ್ತೀರಿ ಅಷ್ಟು ಛಲೋ' ಅಂದ್ಲು. ನಕ್ಕೋತನ ಇದ್ಲು. ಆ ಹಾದ್ಯಾಗ, ಎಲ್ಲಾರೂ ಚಪ್ಪಾಳಿ ಹೊಡ್ಯಾಕತ್ತಾಗ, ನನ್ನ ಮೈಯಾಗಿನ ರಗತ ಹೊಸಾದಾದಂಗ ಆತ್ರಿ. ಕಡೀಕ ಮುಟ್ಟಬೇಕು ಅನ್ನೂದಕ್ಕಲ್ಲ, ಮುಗೀಬಾರದು ಅಂತ ಮೆಲ್ಲಕ ಹೊಡದೆ."

"ಅಷ್ಟು ಹೊತ್ತು ಆಕಿ ಎಲ್ಲಿದ್ಲು?"

"ಗಾಡಿ ಇಡೂ ಶೆಡ್ ಅದಲ್ರಿ, ಮ್ಹಾತ್ರೆ ಸೇತುವೀ ಕೆಳಗ, ಹೊಳೀ ದಂಡಿ ಮ್ಯಾಲ? ಅದರ ಕೀಲಿ ಕೇಳಿದ್ಲು. ಕೊಟ್ಟೆ."

"ಯಾಕ ಬೇಕಿತ್ತಂತ?"

"ಒಂದು ಗಾಡಿ ನೋಡಬೇಕಂದ್ಲು."

"ಯಾವ ಗಾಡಿ?"

"ಕೇಳಲಿಲ್ರಿ ನಾ."

ಈ ಉತ್ತರ ಮಾತ್ರ ಬೇಗ ಬಂತು. ದುರ್ಗಾ ಅದನ್ನು ಮನಸ್ಸಿನಲ್ಲಿ ಒಂದು ಕಡೆ ತೆಗೆದಿಟ್ಟಳು. ಬಳಗದ ಗಾಡಿಗಳನ್ನೆಲ್ಲ ಅವಳು ಆಗಲೇ ನೋಡಿದ್ದಳು. ಈರಬಸಪ್ಪ ಒಂದೊಂದನ್ನೇ ಅಂಗಳಕ್ಕೆ ತರಿಸಿ ತೋರಿಸಿದ್ದ. ಸೈಡ್‌ಕಾರ್ ಇರುವ ಗಾಡಿ ನಮ್ಮಲ್ಲಿಲ್ಲ ಎಂದು ಎದೆ ತಟ್ಟಿ ಹೇಳಿದ್ದ. ಶೆಡ್ಡಿನೊಳಗೆ ಮಾತ್ರ ಅವಳನ್ನು ಯಾರೂ ಕರೆದೊಯ್ದಿರಲಿಲ್ಲ.

"ಓಟ ಮುಗದ ಮ್ಯಾಲ?"

"ಮಾತಾಡಿದಂಗ ಮೊಪೆಡ್ ಬೇವಿನ ಗಿಡದ ಕೆಳಗ ನಿಲ್ಲಿಸಿದೆ. ಹಾರ ಹ್ಯಾಂಡಲ್ಲಿಗೆ ಹಾಕಿದೆ. ಸೀರಿ ಉಟ್ಕೊಂಡು ಹೊರಗ ಬರೂದ್ರಾಗ ಗಾಡಿ ಇರಲಿಲ್ಲ. ಆಕಿ ಬಂದು ಒಯ್ದಾಳ ಅನ್ಕೊಂಡೆ. ಅಷ್ಟ್ರಾಗ ಸಿದ್ದಾರೂಢ ಬಂದು, ಸಪ್ನಾ ಮುಖದ ಬಟ್ಟಿ ಬಿಚ್ಚಿ ಟಾಟಾ ಮಾಡಿ ಹೋದ್ಲು ಅಂದ. ಮನಸ್ಸು ಹಗುರಾತು. ಕಾಣವಲ್ಲಳು ಅಂತ ಆಮ್ಯಾಲ ಗದ್ದಲ ಎದ್ದಾಗೂ, ಓಟ ಮುಗದ ಮ್ಯಾಲ ಆಕೀನ್ನ ನನ್ನ ತಮ್ಮ ನೋಡ್ಯಾನ, ನಾ ಓಡಿಸಿದ್ದು ಹೇಳಿ ಏನಾಗೂದದ ಅಂತ ಬಾಯಿ ಮುಚ್ಕೊಂಡೆ."

ದುರ್ಗಾ ಫೋನು ತೆಗೆದು ವಿಡಿಯೊ ಹಚ್ಚಿದಳು. ಇಬ್ಬರೂ ಹೊಸ್ತಿಲ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದರು.

"ಇಲ್ಲಿ ನೀವು ಗಾಡಿ ವಾಲಿಸ್ತೀರಿ. ಇದನ್ನ ನೋಡೇ ನಾ ನಿಮ್ಮನ್ನ ಹಿಡಿದೆ. ನಾನೊಬ್ಬಳೇ ನೋಡೀನೋ, ಆಗ ಇನ್ನೂ ಯಾರರ ನೋಡ್ಯಾರೋ? ಕೇಳ್ರಿ. ಇದಾದ ಮ್ಯಾಲ ಮೈಕಿನ್ಯಾಗ ನಿಮ್ಮ ಯಜಮಾನ್ರ ದನಿ ಇಲ್ಲ."

ನಿಜ. ಈರಬಸಪ್ಪನ ಎಮ್ಮೆಯ ಜೋಕು ಮುಗಿದದ್ದೇ, ಅಕ್ಷಯನ ಎಳೆ ದನಿ ಮೈಕು ಹಿಡಿದಿತ್ತು: "ಓಕೆ ಫ್ರೆಂಡ್ಸ್, ಈಗ ಕಾಮೆಂಟ್ರಿ ನಂದು, ಸರ್‌ಗೆ ತಿಂಡಿ ಬ್ರೇಕ್!"

ಶಿವಗಂಗವ್ವ ತಲೆಯಾಡಿಸಿದಳು. "ಅದು ನಾನಽ ಮಾಡಿದ್ದು. ಅವರಿಗೆ ಸಕ್ಕರೀ ಬ್ಯಾನಿ. ಅದೇ ಹೊತ್ತಿಗೆ ಉಪ್ಪಿಟ್ಟಿನ ಡಬ್ಬಿ ಕೊಡು ಅಂತ ಅಕ್ಷಯಗ ಹೇಳಿದ್ದೆ. ಉಣ್ಣಾಕ ಕೂತ್ರ ಅವರು ತಲಿ ಎತ್ತಂಗಿಲ್ಲ. ನೋಡ್ರಿ, ಅಲ್ಲೇ ಕಾಣ್ತಾರ."

ಚಿತ್ರ ವೇದಿಕೆಯ ಕಡೆ ಹೊರಳಿದಾಗ ಈರಬಸಪ್ಪ ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಡಬ್ಬಿಯೊಳಗೆ ಮುಳುಗಿದ್ದ. ಮೊಪೆಡ್ ತೆವಳುತ್ತ ಗೆರೆ ಮುಟ್ಟುವವರೆಗೂ ಅವನು ಅಲ್ಲೇ ಇದ್ದ. ಕೊನೆಗೆ ಬೆರಳು ಚೀಪುತ್ತಿದ್ದ.

ಅವನಲ್ಲ.

ದುರ್ಗಾ ವಿಡಿಯೊ ಹಿಂದಕ್ಕೆ ತಂದಳು. ಈ ಸಲ ಸವಾರಳನ್ನು ನೋಡಲಿಲ್ಲ. ಅವಳ ಸುತ್ತ ಇದ್ದವರನ್ನು ನೋಡಿದಳು. ಗಾಡಿ ವಾಲಿದಾಗ ಪೇಟದ ಅಜ್ಜ ನಕ್ಕ. ಡಾಕ್ಟರು ನಕ್ಕರು. ಹಗ್ಗದಾಚೆಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಬ್ಬ ನಗಲಿಲ್ಲ.

ನಿಶಾನೆ ಹಿಡಿದವನ ಕೈ ಮೇಲೆತ್ತಿದ್ದು ಮೇಲೇ ಉಳಿದಿತ್ತು. ಅವನ ಕಣ್ಣು ಸವಾರಳ ಬೆರಳಿನ ಮೇಲೆ, ಇಲ್ಲದ ನಿರಿಗೆಯನ್ನು ಸರಿಸುತ್ತಿದ್ದ ಆ ಬೆರಳುಗಳ ಮೇಲೆ ನೆಟ್ಟಿತ್ತು. ನಿಶಾನೆ ಬಿತ್ತು, ಗಾಡಿಗಳು ತೆವಳಿದವು. ಚಿತ್ರ ಮತ್ತೆ ಆ ಕಡೆ ಹೊರಳುವಷ್ಟರಲ್ಲಿ ನಿಶಾನೆ ಕುರ್ಚಿಯ ಮೇಲೆ ಬಿದ್ದುಕೊಂಡಿತ್ತು. ಹಿಡಿದವನು ಇರಲಿಲ್ಲ.

"ಅತ್ತೀ," ದುರ್ಗಾ ವಿಡಿಯೊ ಅಲ್ಲೇ ನಿಲ್ಲಿಸಿದಳು. "ನಿಮಗ ಸ್ಕೂಟರ್ ಯಾರು ಕಲಿಸಿದ್ರು?"

ಶಿವಗಂಗವ್ವ ಫೋನಿನಲ್ಲಿ ನಿಂತುಹೋದ ಚಿತ್ರವನ್ನೇ ನೋಡುತ್ತಿದ್ದಳು.

"ವಿಜಾಪುರದಾಗ," ಎಂದಳು ಕೊನೆಗೆ, ತನಗೆ ತಾನೇ ಹೇಳಿಕೊಳ್ಳುವಂತೆ. "ಗೋಳಗುಮ್ಮಟದ ಹಿಂದಿನ ಬಯಲಾಗ. ಅಪ್ಪ ಏಳೂದ್ರಾಗ ಗಾಡಿ ನೂಕ್ಕೊಂಡು ಹೋಗ್ತಿದ್ವಿ. 'ವಾಲ್ಸು ಅಕ್ಕಾ, ನಿರಿಗಿ ಸರಸು, ಒದಿ' ಅಂತಿದ್ದ. ನನಗಿಂತ ಸಣ್ಣಾವ."

"ಅಂದ್ರ ಸಿದ್ದಾರೂಢಗ ಆಗಲೇ ಗೊತ್ತಾತು, ಸ್ಕಾರ್ಫಿನೊಳಗ ನೀವು ಇದ್ದೀರಿ ಅಂತ."

"ಹೂಂ."

"ಗೊತ್ತಿದ್ದೂ, ಸಪ್ನಾ ಮುಖ ಬಿಚ್ಚಿ ಟಾಟಾ ಮಾಡಿದ್ಲು ಅಂತ ಹೇಳ್ಯಾನ. ಆಕಿ ಆ ಕಡೆ ಹೋದ್ಲು ಅಂತ ಊರ ಮಂದೀನೆಲ್ಲ ಕೆಳಗ, ಸಂಗಮದ ಕಡೆ ಹುಡುಕಾಕ ಹಚ್ಯಾನ. ಶೆಡ್ ಇರೂದು ಮ್ಯಾಲ, ನೀರು ಬರೂ ಕಡೆ."

ಶಿವಗಂಗವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೆನ್ನೆಗೆಲ್ಲ ಹಿಟ್ಟು ಮೆತ್ತಿತು. "ನಾ ಅದನ್ನ ವಾಲಿಸಲಾರದ ಇದ್ದಿದ್ರ..." ಎಂದಳು.

ದುರ್ಗಾಳ ತಲೆಯಲ್ಲಿ ಆಗ ಇನ್ನೊಂದು ಹೊಳೆಯಿತು. ಆ ಮನುಷ್ಯನ ಕೈಯಲ್ಲಿ ಮಾನಮ್ಮನನ್ನು ತಾನೇ ಬಿಟ್ಟು ಬಂದಿದ್ದಳು.

ನಂಬರ್ ಒತ್ತಿದಳು. ರಿಂಗಾಯಿತು. ಮತ್ತೆ ರಿಂಗಾಯಿತು. ಶಿವಗಂಗವ್ವನಿಗೂ ಕೇಳಲೆಂದು ಫೋನನ್ನು ಹೊಸ್ತಿಲ ಮೇಲಿಟ್ಟು ಸ್ಪೀಕರ್ ಹಚ್ಚಿದಳು.

"ಯಕ್ಕಾ," ಮಾನಮ್ಮನ ದನಿ ಪಿಸುಗುಟ್ಟಿತು. ಹಿಂದೆ ಗಾಡಿಯೊಂದು ಗುರುಗುಡುತ್ತಿತ್ತು. "ಜೋರ್ಲೆ ಮಾತಾಡಬ್ಯಾಡ್ರಿ. ಅವ ಬ್ಯಾರಿಕೇಡ್ ಸರಸಾಕ ಇಳದಾನ."

"ಎಲ್ಲಿದ್ದೀ?"

"ಗಾಡ್ಯಾಗ ಕುಂತೀನ್ರಿ. ಬಾಜೂಕ ತೊಟ್ಟಲ ಕಟ್ಟಿದಂಗ ಇರತೈತಲ್ರಿ, ಅದರಾಗ."

ದುರ್ಗಾ ಫೋನಿನ ಮೇಲೆ ಬಗ್ಗಿದಳು. "ಯಾವ ಬಣ್ಣ?"

"ಹಸರು." ಮಾನಮ್ಮ ಉಸಿರೆಳೆದುಕೊಂಡಳು. "ಕುಂದ್ರೂ ಮದ್ಲ ಉಗರ್ಲೆ ಕೆರದು ನೋಡೀನ್ರಿ. ಕೆಳಗ ಕೆಂಪೈತಿ."

"ಇಳಿ! ಮಾನಮ್ಮಾ, ಇಳಿದು ಓಡು!"

"ಓಡಿ ಎಲ್ಲಿಗೆ ಹೋಗ್ಲಿ ಯಕ್ಕಾ? ಸಪ್ನಾ ಇರೂ ಕಡೀಗೆ ಕರ್ಕೊಂಡು ಹೋಗ್ತೀನಿ ಅಂದಾನ. ಅವನೊಬ್ಬನ್ನ ಬಿಟ್ರ ಈ ಊರಾಗ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದಽ ಹತ್ತೀನ್ರಿ. ಗಂಡನ್ನ ಒಯ್ದ ಗಾಡಿ ಮಗಳ ಹಂತ್ಯಾಕ ಒಯ್ಯೂದಾದ್ರ, ಒಯ್ಯಲಿ." ದನಿ ಇನ್ನೂ ಸಣ್ಣದಾಯಿತು. "ಬಂದ. ಫೋನ್ ಉಡಿಯಾಗ ಇಟ್ಕೋತೀನಿ. ನೀವು ಕೇಳ್ಕೋತ ಇರ್ರಿ."

ಬಟ್ಟೆಯ ಸರಪರ. ಆಮೇಲೆ ದೂರದಲ್ಲಿ, ಗಾಡಿಯ ಸದ್ದಿಗಿಂತ ಮೇಲೆ, ಒಂದು ಸೈರನ್ ಎದ್ದಿತು. ಅಣೆಕಟ್ಟಿನ ನೀರಿಗೆ ಮುಂಚೆ ಬರುವ ಸೈರನ್. ಅದೇ ಕೂಗು, ಒಂದು ಗಳಿಗೆ ತಡವಾಗಿ, ವಾಡೆಯ ಮಾಡಿನ ಮೇಲಿಂದಲೂ ಹಾದು ಹೋಯಿತು.

"ಗಟ್ಟಿ ಹಿಡ್ಕೊ ತಂಗೀ," ಎಂದ ಸಿದ್ದಾರೂಢ. ಸಣ್ಣ ಕೂಸಿಗೆ ಹೇಳುವಷ್ಟು ಮೃದುವಾಗಿತ್ತು ಅವನ ದನಿ. "ಹಾದಿ ಛಲೋ ಇಲ್ಲ."

"ನನ್ನ ಮಗಳು ಜೀವಂತ ಅದಾಳೇನಣ್ಣಾ?" ಮಾನಮ್ಮ ಗಟ್ಟಿಯಾಗಿ ಕೇಳಿದಳು. ಫೋನಿಗೆ ಕೇಳಲೆಂದೇ ಕೇಳಿದ್ದಳು.

"ಆಕಿನಽ ನಿನ್ನ ಕರ್ಕೊಂಡು ಬಾ ಅಂದಾಳ. ಆವತ್ತು ನಸುಕಿನ್ಯಾಗ ಈ ಗಾಡಿ ಹೊಡೀತಿದ್ದವರು ಯಾರು ಅಂತ ನಿನಗ ತಿಳೀಲಾರದ ಆಕಿ ನೀರೂ ಕುಡ್ಯಾಂಗಿಲ್ಲಂತ. ಇನ್ನ ಮುಚ್ಚಿಟ್ಟೇನು ಮಾಡ್ಲಿ? ನಾ ಅಲ್ಲ ತಂಗೀ. ನಾ ಬರೇ ಬಣ್ಣ ಹಚ್ಚಿದಾವ. ಹೊಡೀತಿದ್ದದ್ದು..."

ಹಿಟ್ಟು ಮೆತ್ತಿದ ಬೆರಳೊಂದು ದುರ್ಗಾಳ ಕಣ್ಣ ಮುಂದೆಯೇ ಚಾಚಿ ಬಂತು. ಅದು ನಡುಗುತ್ತಿರಲಿಲ್ಲ. ಫೋನಿನ ಕೆಂಪು ಗುಂಡಿಯನ್ನು ಒತ್ತಿ, ಕರೆಯನ್ನು ಕತ್ತರಿಸಿತು.

ದುರ್ಗಾ ತಲೆಯೆತ್ತಿದಳು. ಶಿವಗಂಗವ್ವ ಅಂಗಳದ ಬಾಗಿಲಿಗೂ ಅವಳಿಗೂ ನಡುವೆ ಎದ್ದು ನಿಂತಿದ್ದಳು. ತಮ್ಮ ಹೇಳಲಿದ್ದ ಹೆಸರು ಅವಳಿಗೆ ಮೊದಲೇ ಗೊತ್ತಿತ್ತು.